ಒಂದು ಸೀಸನ್ ಆಡದ ಹುಡುಗ

ನನಗೆ ಸಿಟ್ಟು ಬೇಗ ಬರುತ್ತದೆ, ಇಳಿಯುವುದು ನಿಧಾನ. ಕೊರೊನಾದ ಎರಡನೆಯ ವಸಂತದಲ್ಲಿ ಬಂದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ. ಬರೆದಾದರೂ ಇಳಿಸಿಕೊಳ್ಳೋಣ ಎಂದು ಕೂತಿದ್ದೇನೆ. ಬರೆದರೆ ಇಳಿಯುವುದಿಲ್ಲ, ಇನ್ನೂ ಏರುತ್ತದೆ ಎಂದು ಗಂಡ ಆಗಲೇ ಎಚ್ಚರಿಸಿದ್ದಾನೆ.

ಆಗ ನಾವು ನೆದರ್ಲೆಂಡ್ಸ್‌ನ ಐಂಡ್‌ಹೋವನ್ ಪಕ್ಕದ ಬೆಸ್ಟ್ ಎಂಬ ಊರಿನಲ್ಲಿದ್ದೆವು. ಗಂಡನಿಗೆ ಚಿಪ್ ತಯಾರಿಸುವ ಯಂತ್ರಗಳ ಕೆಲಸ. ನನಗೆ ಐಂಡ್‌ಹೋವನ್‌ನ ಹಳೆಯ ಕಾರ್ಖಾನೆಯೊಂದರ ಮಾಳಿಗೆಯಲ್ಲಿದ್ದ ಸಣ್ಣ ಕಂಪನಿಯಲ್ಲಿ ಆಟದ ವಿಡಿಯೊಗಳನ್ನು ನೋಡಿ ಟಿಪ್ಪಣಿ ಬರೆಯುವ ಕೆಲಸ. ಯಾರು ಎಷ್ಟು ಓಡಿದರು, ಎಲ್ಲಿ ಎಡವಿದರು ಎಂದು ಇಲ್ಲಿನ ಫುಟ್‌ಬಾಲ್ ಕ್ಲಬ್ಬುಗಳಿಗೆ ಹೇಳುತ್ತಿದ್ದೆವು. ಲಾಕ್‌ಡೌನ್ ಬಂದು ಪಂದ್ಯಗಳು ನಿಂತವು. ಕಂಪನಿ ಬಾಗಿಲು ಹಾಕುತ್ತದೆ ಎಂದುಕೊಳ್ಳುತ್ತಿರುವಾಗ ಅಮೆರಿಕದ ವೃತ್ತಿಪರ ತಂಡವೊಂದರ ಕೆಲಸ ಸಿಕ್ಕಿತು. ಕಾಲೇಜಿನಿಂದ ಕಾಲೇಜಿಗೆ ಹೋಗಿ ಹುಡುಗರನ್ನು ನೋಡಿ ಬರುತ್ತಿದ್ದ ಅವರ ಜನ ಮನೆಯಲ್ಲಿ ಸಿಕ್ಕಿಹಾಕಿಕೊಂಡಿದ್ದರು. ವಿಡಿಯೊ ನೋಡುವುದೇ ಆದರೆ ಅಮೆರಿಕದಲ್ಲಿ ಕೂತು ನೋಡಿದರೇನು, ಬೆಸ್ಟ್‌ನ ಅಡುಗೆಮನೆಯಲ್ಲಿ ಕೂತು ನೋಡಿದರೇನು?

ಅವರು ಫುಟ್‌ಬಾಲ್ ಎನ್ನುವುದನ್ನು ಹೆಚ್ಚಾಗಿ ಕೈಯಿಂದ ಆಡುತ್ತಾರೆ. ಮೊಟ್ಟೆಯಾಕಾರದ ಚೆಂಡನ್ನು ಒಬ್ಬ ದೂರಕ್ಕೆ ಎಸೆಯಬೇಕು. ಅವನ ಮುಂದೆ ಐವರು ದಾಂಡಿಗರು ಗೋಡೆಯ ಹಾಗೆ ನಿಲ್ಲುತ್ತಾರೆ. ಆ ಗೋಡೆಯ ತುದಿಯನ್ನು ಸುತ್ತಿಕೊಂಡು ನುಗ್ಗಿ, ಚೆಂಡು ಕೈಬಿಡುವ ಮೊದಲೇ ಎಸೆಯುವವನನ್ನು ಕೆಡವಬೇಕಾದವನು ಒಬ್ಬನಿರುತ್ತಾನೆ. ಅಂಥ ನುಗ್ಗುವವರನ್ನು ನೋಡಿ, ತೂಗಿ, ಯಾರು ಮೇಲು ಎಂದು ಹೇಳುವುದು ನನ್ನ ಪಾಲಿಗೆ ಬಂತು. ಪ್ರತಿ ವಸಂತದಲ್ಲಿ ತಂಡಗಳೆಲ್ಲ ಸರದಿಯಂತೆ ಕಾಲೇಜಿನ ಹುಡುಗರನ್ನು ಆರಿಸಿಕೊಳ್ಳುತ್ತವೆ. ಬೇಗ ಹೆಸರು ಬಂದವನ ಬದುಕು ದಡ ಸೇರಿದಂತೆ. ಬರದವನು ಕಾಲೇಜು ಮುಗಿಸಿ ಬೇರೆ ದಾರಿ ನೋಡಿಕೊಳ್ಳಬೇಕು.

ನನಗೆ ಆ ಆಟ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಕಬಡ್ಡಿ. ಮಂಡ್ಯದಲ್ಲಿ ಓದುವಾಗ ವಿಶ್ವವಿದ್ಯಾಲಯದ ತಂಡದಲ್ಲಿ ಎಡಮೂಲೆಗೆ ನಿಲ್ಲುತ್ತಿದ್ದೆ. ಮೂಲೆಯವರ ಕೆಲಸವೇ ಕಾಲು ಹಿಡಿಯುವುದು. ರೈಡಿಗೆ ಬಂದವಳ ಕೈ, ಕಣ್ಣು, ಭುಜ ಎಲ್ಲವೂ ಸುಳ್ಳು ಹೇಳುತ್ತವೆ, ಪಾದ ಹೇಳುವುದಿಲ್ಲ. ಮೈ ಭಾರ ಯಾವ ಹಿಮ್ಮಡಿಗೆ ಇಳಿಯಿತು ಎಂದು ತಿಳಿದರೆ ಅವಳು ಎತ್ತ ಹೊರಳುತ್ತಾಳೆ ಎಂದು ಅವಳಿಗಿಂತ ಮೊದಲು ನಮಗೆ ಗೊತ್ತಾಗುತ್ತದೆ. ಆದ್ದರಿಂದ ಪರದೆಯ ಮೇಲಿನ ಅರ್ಧಕ್ಕೆ ಒಂದು ರಟ್ಟು ಅಂಟಿಸಿ, ಆ ದೈತ್ಯರ ಪಾದಗಳನ್ನಷ್ಟೇ ನೋಡತೊಡಗಿದೆ. ಪಕ್ಕದಲ್ಲಿ ಆನ್‌ಲೈನ್ ಪಾಠ ಕೇಳುತ್ತಿದ್ದ ಮಗಳು, "ಅಮ್ಮಾ, ಯು ಆರ್ ಶೌಟಿಂಗ್ ಅಟ್ ಫೀಟ್ ಅಗೇನ್" ಎಂದು ಗೊಣಗುತ್ತಿದ್ದಳು. ಅವಳ ಟೀಚರಿಗೂ ನನ್ನ ಬೈಗುಳ ಕೇಳಿಸಿರಬೇಕು. ಕನ್ನಡದಲ್ಲಿದ್ದುದರಿಂದ ಮಾನ ಉಳಿಯಿತು.

ನನ್ನ ಬಾಸ್‌ಗೆ ಈ ರಟ್ಟಿನ ಉಪಾಯ ಬಹಳ ಹಿಡಿಸಿತು. ಅವನು ಡಚ್ಚಿನವ, ನನಗಿಂತ ಎರಡು ಮೂರು ವರ್ಷ ದೊಡ್ಡವನಿರಬಹುದು, ಮಹಾ ಸಜ್ಜನ. ಈ ದೇಶದಲ್ಲಿ ಬಾಸ್‌ಗೂ ಏಕವಚನವೇ, ಹಾಗಾಗಿ ಇಲ್ಲಿಯೂ ಅವನೆಂದೇ ಬರೆಯುತ್ತೇನೆ. ಅವನ ಮೇಲೆ ನನಗಿದ್ದ ಗೌರವವೇ ನನ್ನ ಸಿಟ್ಟನ್ನು ಇಷ್ಟು ದೊಡ್ಡದು ಮಾಡಿತು. ಕೆಟ್ಟವನಾಗಿದ್ದರೆ ಎರಡು ಮಾತು ಬೈದು ಮರೆತುಬಿಡುತ್ತಿದ್ದೆ.

ನೋಡಿದ ಹುಡುಗರಲ್ಲಿ ಒಬ್ಬನ ಪಾದ ಕಂಡು ನಾನು ಕುರ್ಚಿಯಿಂದ ಎದ್ದು ನಿಂತೆ. ಹೆಸರು ಕೇಳದ ಸಣ್ಣ ಕಾಲೇಜಿನವನು. ಆ ಗೋಡೆಯ ತುದಿಯನ್ನು ಸುತ್ತುವಾಗ ಅವನ ಕಣಕಾಲು ಎಷ್ಟು ಬಾಗುತ್ತಿತ್ತೆಂದರೆ ಮೊಣಕೈ ಹುಲ್ಲಿಗೆ ತಾಗುವಷ್ಟು ಮೈ ವಾಲುತ್ತಿತ್ತು, ಆದರೂ ವೇಗ ಸ್ವಲ್ಪವೂ ಕುಂದುತ್ತಿರಲಿಲ್ಲ. ಹೊರಗೆ ಹೋಗುವಂತೆ ಎರಡು ಹೆಜ್ಜೆ ಹಾಕಿ, ಎದುರಿನವನ ಭಾರ ಹಿಮ್ಮಡಿಗೆ ಬಿದ್ದ ಕ್ಷಣವೇ ಒಳಗೆ ನುಸುಳುತ್ತಿದ್ದ. ಅದನ್ನು ಅವನಿಗೆ ಯಾರೂ ಕಲಿಸಿದ ಹಾಗಿರಲಿಲ್ಲ. ನಾನು ಅವನನ್ನು ಎಲ್ಲರಿಗಿಂತ ಮೇಲೆ ಇಟ್ಟೆ. ತೋಳು ಗಿಡ್ಡವಾಯಿತಲ್ಲ ಎಂದು ಅಮೆರಿಕದವರು ರಾಗ ಎಳೆದರು. ಗಿಡ್ಡ ತೋಳಿನವರು ಪಾದದಿಂದ ಹೇಗೆ ಬದುಕುತ್ತಾರೆ ಎಂದು ವಿಡಿಯೊ ತುಂಡುಗಳನ್ನು ಒಂದಾದ ಮೇಲೊಂದು ತೋರಿಸಿದೆ. ಕೊನೆಗೆ ಅವರೂ ಒಪ್ಪಿಕೊಂಡರು. ಅಲ್ಲಿಯವರೆಗೆ ಎಲ್ಲ ಸರಿಯಾಗಿಯೇ ಇತ್ತು.

ಆದರೆ ನಾನು ನೋಡಿದ ಅವನ ವಿಡಿಯೊಗಳೆಲ್ಲ ಕೊರೊನಾಕ್ಕೂ ಹಿಂದಿನ ವರ್ಷದವು. ಕೊನೆಯ ಸೀಸನ್ನಿನಲ್ಲಿ ಹುಡುಗ ಆಡಿರಲೇ ಇಲ್ಲ. ಕೊರೊನಾ ಕಾರಣಕ್ಕೆ ಆಡದೆ ಇರಬಹುದು ಎಂದು ಕಾಲೇಜುಗಳೇ ಅವಕಾಶ ಕೊಟ್ಟಿದ್ದವು, ಅವನು ಅದನ್ನು ಬಳಸಿಕೊಂಡಿದ್ದ. ಏಕೆ ಎಂದು ತಿಳಿದದ್ದು ತಂಡದ ಕೋಚುಗಳು ಅವನನ್ನು ವಿಡಿಯೊದಲ್ಲಿ ಸಂದರ್ಶನ ಮಾಡಿದಾಗ. ಅದನ್ನು ನೋಡಿ ಟಿಪ್ಪಣಿ ಮಾಡುವುದೂ ನನ್ನ ಕೆಲಸವೇ ಆಗಿತ್ತು.

ಆ ದಿನ ರಟ್ಟು ತೆಗೆದು ಮೊದಲ ಬಾರಿಗೆ ಅವನ ಮುಖ ನೋಡಿದೆ. ಅಷ್ಟು ದೊಡ್ಡ ದೇಹ ಇಕ್ಕಟ್ಟಾದ ಅಡುಗೆಮನೆಯಲ್ಲಿ ಮೊಣಕಾಲು ಮಡಚಿ ಕೂತಿತ್ತು. ಅಜ್ಜಿಯೇ ಸಾಕಿದವಳು, ಅವಳಿಗೆ ಶ್ವಾಸಕೋಶದ ಕಾಯಿಲೆ, ಮನೆಯಲ್ಲಿ ಇಬ್ಬರೇ ಎಂದ. ಮೈದಾನದಿಂದ ರೋಗ ತಂದು ಅವಳಿಗೆ ಅಂಟಿಸಿದರೆ ಏನು ಗತಿ ಎಂದು ಹೆದರಿದೆ ಎಂದ. ತಲೆ ತಗ್ಗಿಸದೆ, ಕನಿಕರ ಬೇಡದೆ ಹೇಳಿದ. ಕೋಚುಗಳಲ್ಲೊಬ್ಬ ತಕ್ಷಣ ಕೇಳಿದ್ದು ತೂಕ ಹೇಗೆ ಕಾಪಾಡಿಕೊಂಡೆ ಎಂದು. ಇನ್ನೊಬ್ಬ, ಮುಂದಿನ ವರ್ಷವೂ ಇಂಥದ್ದೇ ಬಂದರೆ ಮತ್ತೆ ಕೂರುತ್ತೀಯಾ ಎಂದು ಕೇಳಿದ. ಏನು ಹೇಳಿದರೆ ಅವರಿಗೆ ಖುಷಿ ಎಂದು ಹುಡುಗನಿಗೆ ಗೊತ್ತಿತ್ತು, ಮುಖದಲ್ಲೇ ಕಾಣುತ್ತಿತ್ತು.

"ಹೌದು ಸರ್, ಕೂರುತ್ತೇನೆ" ಎಂದ.

ಅದೇ ವಾರ ಇನ್ನೊಬ್ಬ ಹುಡುಗನ ಸಂದರ್ಶನವೂ ಆಯಿತು. ನನ್ನ ಪ್ರಕಾರ ಅವನು ಸಾಧಾರಣ, ಪಾದ ನೆಲಕ್ಕೆ ಅಂಟಿಕೊಂಡವನು. ಜ್ವರ ಬಂದಿದ್ದನ್ನು ಯಾರಿಗೂ ಹೇಳದೆ ಮಾತ್ರೆ ನುಂಗಿ ಪಂದ್ಯ ಆಡಿದೆ ಎಂದು ಅವನು ಎದೆಯುಬ್ಬಿಸಿ ಹೇಳಿಕೊಂಡ. ಕೋಚುಗಳು ನಕ್ಕರು. ಇಂಥವನು ಬೇಕು ಎನ್ನುವ ನಗು ಅದು. ಇಡೀ ಜಗತ್ತು ಮಾಸ್ಕ್ ಹಾಕಿಕೊಂಡು ಒಂದೂವರೆ ಮೀಟರ್ ದೂರ ನಿಂತಿರುವಾಗ, ರೋಗ ಹೊತ್ತುಕೊಂಡು ಹತ್ತಾರು ಜನರ ಮೈಮೇಲೆ ಬಿದ್ದವನಿಗೆ ಶಹಬ್ಬಾಸ್! ನನಗೆ ಮೈ ಉರಿಯಿತು.

ಗಂಡನ ಹತ್ತಿರ ಕೂಗಾಡಿದೆ. ಕಬಡ್ಡಿಯಲ್ಲಿ ಔಟಾದವರು ಗೆರೆಯಾಚೆ ಸಾಲಾಗಿ ಕೂರುತ್ತಾರೆ, ಅವರೂ ತಂಡದವರೇ, ನಾವು ಒಂದು ಪಾಯಿಂಟ್ ತಂದರೆ ಒಬ್ಬರಿಗೆ ಜೀವ ಬರುತ್ತದೆ, ಎದ್ದು ಒಳಗೆ ಬರುತ್ತಾರೆ, ಕೂತದ್ದಕ್ಕೆ ಯಾರೂ ಅವರನ್ನು ಹೀಯಾಳಿಸುವುದಿಲ್ಲ ಎಂದೆ. ಬೆಂಗಳೂರಿನವನಾದ ಅವನಿಗೆ ಕಬಡ್ಡಿ ಟಿವಿಯಲ್ಲಿ ಕಂಡಷ್ಟೇ ಗೊತ್ತು.

"ನೋಡು, ಅದು ಬಿಸಿನೆಸ್ಸು. ಕೋಟಿಗಟ್ಲೆ ಸುರಿಯೋರು ರಿಸ್ಕ್ ನೋಡೇ ನೋಡ್ತಾರೆ. ನೀನ್ಯಾಕೆ ಇಷ್ಟು ಪರ್ಸನಲ್ಲಾಗಿ ತಗೋತೀಯ?" ಎಂದ.

ಆ ರಾತ್ರಿಯ ಅಡುಗೆಯನ್ನು ಅವನೇ ಮಾಡಿಕೊಂಡ ಎಂದಷ್ಟೇ ಹೇಳಬಲ್ಲೆ.

ಏಪ್ರಿಲ್ ಕೊನೆಗೆ ಆಯ್ಕೆಯ ದಿನಗಳು ಹತ್ತಿರವಾದವು. ಬೀದಿಯ ತುಂಬ ಇಲ್ಲಿನ ರಾಜನ ಹುಟ್ಟುಹಬ್ಬವಾದ ಕಿಂಗ್ಸ್‌ಡೇಯ ಕಿತ್ತಳೆ ಬಾವುಟಗಳು, ಆದರೆ ಸಂತೆಯಿಲ್ಲ, ಜನರಿಲ್ಲ. ಆಗಲೇ ಮೈಸೂರಿನಲ್ಲಿದ್ದ ನನ್ನ ಅಕ್ಕನಿಗೆ ಕೊರೊನಾ ಬಂತು. ಉಸಿರು ಏರುತ್ತಿಲ್ಲ, ಆಕ್ಸಿಜನ್ ಇರುವ ಹಾಸಿಗೆ ಸಿಗುತ್ತಿಲ್ಲ ಎಂದು ಭಾವ ಫೋನಿನಲ್ಲಿ ಅತ್ತರು. ವಿಮಾನಗಳು ನಿಂತಿದ್ದವು. ಇಲ್ಲಿ ಕೂತು ಗೊತ್ತಿದ್ದವರಿಗೆಲ್ಲ ಫೋನ್ ಮಾಡುವುದು ಬಿಟ್ಟರೆ ನನ್ನ ಕೈಯಲ್ಲಿ ಏನೂ ಇರಲಿಲ್ಲ. ವರದಿಗಳ ಅತಿ ಮುಖ್ಯ ವಾರ ಅದು. ಅಳುಕುತ್ತಲೇ ಬಾಸ್‌ಗೆ ಫೋನ್ ಮಾಡಿ ರಜೆ ಕೇಳಿದೆ.

ಅವನು ನನ್ನ ಮಾತು ಮುಗಿಯಲೂ ಬಿಡಲಿಲ್ಲ. ಕಲಾಮಿಟೈಟ್ಸ್‌ವರ್‌ಲೋಫ್ ತೆಗೆದುಕೋ ಎಂದ. ಮನೆಯಲ್ಲಿ ಆಪತ್ತು ಬಂದಾಗ ಇಲ್ಲಿ ಕೊಡುವ ರಜೆಗೆ ಆ ಹೆಸರು. ಲ್ಯಾಪ್‌ಟಾಪ್ ಮುಚ್ಚಿಡು, ಕೆಲಸದ ಯೋಚನೆ ಬೇಡ, ಉಳಿದದ್ದನ್ನು ನಾನು ನೋಡಿಕೊಳ್ಳುತ್ತೇನೆ ಎಂದ. ಬೆಂಗಳೂರಿನಲ್ಲಿ ಕೆಲಸ ಮಾಡುವಾಗ ತಾತ ತೀರಿಕೊಂಡದ್ದಕ್ಕೆ ರಜೆ ಕೇಳಿದರೆ, ಸ್ವಂತ ತಾತನೇ ಎಂದು ಕೇಳಿಸಿಕೊಂಡವಳು ನಾನು.

ಅಕ್ಕನಿಗೆ ಹಾಸಿಗೆ ಸಿಕ್ಕಿತು. ಎರಡು ದಿನ ಅವಳ ದನಿಯೇ ಕೇಳಿಸಲಿಲ್ಲ. ಮೂರನೆಯ ದಿನ ನರ್ಸ್ ಒಬ್ಬರು ಫೋನನ್ನು ಅವಳ ಕಿವಿಗೆ ಹಿಡಿದರು. "ಅಳ್ಬ್ಯಾಡ ಕಣೇ. ನಂಗೇನೂ ಆಗಾಕಿಲ್ಲ, ಸುಮ್ಕಿರು" ಎಂದಳು. ಅಷ್ಟು ಹೇಳುವಷ್ಟರಲ್ಲಿ ಎರಡು ಸಲ ಉಸಿರು ಎಳೆದುಕೊಂಡಳು. ನಾನು ಫೋನ್ ಇಟ್ಟು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟು ಅತ್ತೆ.

ಹೊರಗೆ ಬಂದಾಗ ಬಾಗಿಲಿನ ಟಪಾಲು ಕಿಂಡಿಯಿಂದ ಒಂದು ಚಪ್ಪಟೆ ಪೆಟ್ಟಿಗೆ ಒಳಗೆ ಬಿದ್ದಿತ್ತು. ಇಲ್ಲಿ ಹೂವನ್ನೂ ಹಾಗೆ ಕಿಂಡಿಯಲ್ಲಿ ತೂರುವಂತೆ ಕಟ್ಟಿ ಕಳಿಸುತ್ತಾರೆ. ಬಿಡಿಸಿದರೆ ಟುಲಿಪ್ ಮೊಗ್ಗುಗಳು. ಮನೆಯವರು ಯಾವಾಗಲೂ ಮೊದಲು ಎಂದು ಬಾಸ್ ಕಾರ್ಡಿನಲ್ಲಿ ಸ್ವಂತ ಕೈಯಲ್ಲಿ ಬರೆದಿದ್ದ. ಹೂವನ್ನು ಲೋಟದಲ್ಲಿಟ್ಟೆ. ಅವನಿಗೆ ಥ್ಯಾಂಕ್ಸ್ ಬರೆಯೋಣ ಎಂದು ಲ್ಯಾಪ್‌ಟಾಪ್ ತೆರೆದೆ. ನುಗ್ಗುವವರ ಅಂತಿಮ ವರದಿ ಅಮೆರಿಕಕ್ಕೆ ಹೊರಡಲು ಸಿದ್ಧವಾಗಿ ಕೂತಿತ್ತು, ಕೆಳಗೆ ಅವನ ಹೆಸರು, ನನ್ನ ಹೆಸರು. ನನ್ನ ಹುಡುಗ ಮೊದಲ ಸ್ಥಾನದಿಂದ ಪಟ್ಟಿಯ ಬುಡಕ್ಕೆ ಇಳಿದಿದ್ದ. ಪಾದ, ವೇಗ, ಬಾಗುವಿಕೆ ಬಗ್ಗೆ ನಾನು ಬರೆದದ್ದೆಲ್ಲ ಹಾಗೆಯೇ ಇತ್ತು. ಕೊನೆಯಲ್ಲಿ ಹೊಸದೊಂದು ಸಾಲು ಸೇರಿತ್ತು. ಆಟಕ್ಕಿಂತ ಮನೆಯನ್ನು ಮುಂದಿಡುತ್ತಾನೆ, ಬದ್ಧತೆ ಅನುಮಾನ.

ಆ ಸಾಲನ್ನು ಓದಿದೆ, ಕಾರ್ಡನ್ನು ಓದಿದೆ. ಪಿತ್ತ ನೆತ್ತಿಗೇರಿತು. ರಜೆಯಲ್ಲಿದ್ದೇನೆ ಎನ್ನುವುದನ್ನೂ ಮರೆತು ಅವನಿಗೆ ಫೋನ್ ಮಾಡಿದೆ.

ಮೊದಲು ಗಾಬರಿಯಾಗಿ ಅಕ್ಕನ ವಿಷಯ ಕೇಳಿದ. ಅವಳು ಉಸಿರಾಡುತ್ತಿದ್ದಾಳೆ, ವಿಷಯ ಹುಡುಗನದ್ದು ಎಂದೆ. ಅವನು ನಿಟ್ಟುಸಿರಿಟ್ಟ. ತನಗೂ ಆ ಹುಡುಗ ಇಷ್ಟವೇ, ಆದರೆ ಬದ್ಧತೆಯ ಬಗ್ಗೆ ಒಂದು ಮಾತು ಬೇಕೇ ಬೇಕು ಎಂದು ಗಿರಾಕಿ ಕೇಳಿದ್ದಾರೆ, ಸಂದರ್ಶನದಲ್ಲಿ ಅವನು ತಾನೇ ಬಾಯಿಬಿಟ್ಟು ಹೇಳಿದ್ದಾನಲ್ಲ ಎಂದ. ಕಬಡ್ಡಿಯ ಕೂತವರ ಸಾಲನ್ನು ಅವನಿಗೂ ವಿವರಿಸಿದೆ. ತಾಳ್ಮೆಯಿಂದ ಕೇಳಿಸಿಕೊಂಡು, ಬಹಳ ಚಂದದ ನಿಯಮ, ಅವರ ಆಟದಲ್ಲಿ ಅದಿಲ್ಲ ಎಂದ.

"ಹಾಗಾದರೆ ನನ್ನ ಹೆಸರಿನ ಮುಂದೆಯೂ ಅದೇ ಸಾಲು ಬರೆ. ಕೆಲಸಕ್ಕಿಂತ ಮನೆಯನ್ನು ಮುಂದಿಡುತ್ತಾಳೆ, ಬದ್ಧತೆ ಅನುಮಾನ" ಎಂದೆ.

ನಗೆಚಾಟಿಕೆ ಎಂದುಕೊಂಡು ಅವನು ನಕ್ಕ. ನಾನು ನಗಲಿಲ್ಲ. ಆಗ ಅವನು ಮಗುವಿಗೆ ತಿಳಿಹೇಳುವವನಂತೆ, ಮೆಲ್ಲಗೆ ಹೇಳಿದ.

"ನೀನು ನಮ್ಮ ಉದ್ಯೋಗಿ. ಅವನು ಹೂಡಿಕೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಬೇಡ."

ವರದಿಯಲ್ಲಿ ನನ್ನ ಹೆಸರು ಇರಕೂಡದು ಎಂದೆ. ಅವನು ವಾದ ಮಾಡುತ್ತಾನೆ, ಕೊನೆಗೆ ಸಾಲನ್ನಾದರೂ ಮೃದು ಮಾಡುತ್ತಾನೆ ಎಂದುಕೊಂಡಿದ್ದೆ. ಖಂಡಿತ, ನಿನಗೆ ಹೇಗೆ ಸಮಾಧಾನವೋ ಹಾಗೆ ಎಂದ. ನಾನು ಪರದೆ ನೋಡುತ್ತಿರುವಂತೆಯೇ ನನ್ನ ಹೆಸರು ಅಳಿಸಿಹೋಯಿತು. ಆ ಸಾಲು ಅಲ್ಲೇ ಇತ್ತು. ನನ್ನ ಪ್ರತಿಭಟನೆಯಿಂದ ಯಾರ ಕೂದಲೂ ಕೊಂಕಲಿಲ್ಲ. ನನಗೆ ಇವತ್ತಿಗೂ ಅತಿ ಹೆಚ್ಚು ಉರಿಯುವುದು ಅದಕ್ಕೇ. ಜಗಳಕ್ಕೆ ಹೋದವಳನ್ನು ಕಾಫಿ ಕೊಟ್ಟು ಕಳಿಸಿದ ಹಾಗಾಯಿತು.

ಆಯ್ಕೆ ಮೂರು ದಿನ ನಡೆಯಿತು. ನಾನು ಬೆಳಿಗ್ಗೆ ಎದ್ದ ಕೂಡಲೇ ಮೊದಲು ಅಕ್ಕನ ಆಸ್ಪತ್ರೆಗೆ ಫೋನ್ ಮಾಡಿ, ಆಮೇಲೆ ಹಿಂದಿನ ದಿನ ಆರಿಸಿದವರ ಹೆಸರು ನೋಡುತ್ತಿದ್ದೆ. ಎರಡನೆಯ ಬೆಳಿಗ್ಗೆ ನಮ್ಮ ತಂಡದ ಮುಂದೆ ಜ್ವರ ಮುಚ್ಚಿಟ್ಟು ಆಡಿದವನ ಹೆಸರಿತ್ತು. ಮೂರನೆಯ ಬೆಳಿಗ್ಗೆ ಪಟ್ಟಿಯೇ ಮುಗಿದಿತ್ತು. ನನ್ನ ಹುಡುಗನನ್ನು ಯಾವ ತಂಡವೂ ಕರೆದಿರಲಿಲ್ಲ. ಕೊನೆಯ ಸುತ್ತಿನವರೆಗೂ ಆ ಇಕ್ಕಟ್ಟಾದ ಅಡುಗೆಮನೆಯಲ್ಲಿ ಫೋನ್ ಮುಂದಿಟ್ಟುಕೊಂಡು ಕೂತಿದ್ದನೋ ಏನೋ. ಆ ಪಾದಗಳು ಇನ್ನು ಯಾವ ಕೆಲಸಕ್ಕೆ ಹೋಗುತ್ತವೆ ಎಂದು ಯೋಚಿಸುತ್ತ ಲ್ಯಾಪ್‌ಟಾಪ್ ಮುಚ್ಚಿದೆ. ಗಂಡ ಪಕ್ಕಕ್ಕೆ ಬಂದು ಕೂತ. ಬಿಸಿನೆಸ್ ಎಂಬ ಮಾತು ಎತ್ತಲಿಲ್ಲ, ಅಷ್ಟರಮಟ್ಟಿಗೆ ಅವನಿಗೆ ಬುದ್ಧಿ ಬಂದಿತ್ತು.

ಮೇ ತಿಂಗಳಲ್ಲಿ ಅಕ್ಕ ಮನೆಗೆ ಬಂದಳು. ನಾನು ಕೆಲಸಕ್ಕೆ ಮರಳಿದೆ. ಹೋಟೆಲುಗಳ ಅಂಗಳ ತೆರೆದಿದ್ದವು, ಬಿಸಿಲಿಗೆ ಹಸಿದವರಂತೆ ಜನ ಕುರ್ಚಿ ಹಿಡಿಯುತ್ತಿದ್ದರು. ಬಾಸ್ ನನ್ನನ್ನೂ ಅಂಥದ್ದೊಂದು ಕಡೆಗೆ ಕರೆದ. ಒಂದೂವರೆ ಮೀಟರ್ ಅಂತರದಲ್ಲಿ ಎದುರುಬದುರು ಕೂತೆವು. ಆರ್ಡರ್ ಕೊಡುವ ಮೊದಲೇ ಅಕ್ಕ ಹೇಗಿದ್ದಾಳೆ ಎಂದು ಕೇಳಿದ. ಗಂಜಿ ಕುಡಿಯುತ್ತಿದ್ದಾಳೆ, ಮೆಟ್ಟಿಲು ಹತ್ತಲು ಇನ್ನೂ ಆಗುತ್ತಿಲ್ಲ ಎಂದೆ. ರಾತ್ರಿ ನಿದ್ದೆ ಬರುತ್ತದೆಯೇ, ಮನೆಯಲ್ಲಿ ಯಾರು ನೋಡಿಕೊಳ್ಳುತ್ತಾರೆ, ನಿನಗೆ ರಜೆ ಸಾಕಾಯಿತೇ ಎಂದು ಒಂದೊಂದಾಗಿ ಕೇಳಿದ. ಬಾಯಿಮಾತಿಗಲ್ಲ, ನಿಜಕ್ಕೂ ತಿಳಿಯಬೇಕೆಂದೇ ಕೇಳುತ್ತಿದ್ದ. ಅವಳು ಉಳಿದದ್ದಕ್ಕೆ ಅವನ ಕಣ್ಣಿನಲ್ಲಿ ಸಂತೋಷ ಕಾಣುತ್ತಿತ್ತು. ನನಗೆ ತಡೆಯಲಾಗಲಿಲ್ಲ.

"ಅಜ್ಜಿ ಹೇಗಿದ್ದಾರಂತೆ?" ಎಂದು ಕೇಳಿದೆ.

ಅವನು ಮೆನು ಕೆಳಗಿಟ್ಟು, ಹುಬ್ಬು ಗಂಟಿಕ್ಕಿ, ಪಾಪ, ಪ್ರಾಮಾಣಿಕವಾಗಿಯೇ ನೆನಪಿಸಿಕೊಳ್ಳಲು ನೋಡಿದ.

"ಯಾವ ಅಜ್ಜಿ?" ಎಂದ.