ಎದ್ದ ಕೂದಲಿಗೆ ಒದ್ದೆ ಪಟ್ಟಿ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ದೇವರಾಜ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಹೂವಿನ ಮೂಟೆಗಳು ಇಳಿಯುತ್ತಿವೆ. ಗೋವಿಂದರಾಜು ಅವರ ಕ್ಷೌರದಂಗಡಿಯಲ್ಲಿ ಆಗಲೇ ದೀಪ ಹತ್ತಿದೆ. ಒಳಗೆ ಕನ್ನಡಿ ಮುಂದೆ ಕೂತ ಯುವಕನೊಬ್ಬ ತನ್ನ ತಲೆಯನ್ನು ತಾನೇ ಬೈದುಕೊಳ್ಳುತ್ತಿದ್ದಾನೆ. ಬೆಳಿಗ್ಗೆ ಅವನಿಗೆ ಗುಮಾಸ್ತೆ ಕೆಲಸದ ಸಂದರ್ಶನ. ಮೈಮೇಲೆ ಹೊಸ ಟೆರಿಲಿನ್ ಷರಟು, ಕೈಯಲ್ಲಿ ಹೊಸ ಪ್ಲಾಸ್ಟಿಕ್ ಬಾಚಣಿಗೆ. ಬಾಚಿದಷ್ಟೂ ಆ ದಟ್ಟ ಗುಂಗುರು ಕೂದಲು ಚಟಚಟ ಸದ್ದು ಮಾಡುತ್ತಾ ಬಾಚಣಿಗೆಯ ಹಿಂದೆಯೇ ಎದ್ದು ಬರುತ್ತಿದೆ.

"ಮೊದ್ಲು ಅದನ್ನ ಜೇಬಿಗೆ ಹಾಕಿ ಸ್ವಾಮಿ. ಅದು ಬಾಚೋದಲ್ಲ, ಕೆಣಕೋದು" ಎನ್ನುತ್ತಾ ಹಿಂದಿನಿಂದ ಬರುತ್ತಾರೆ ಕರಿಬಸವಯ್ಯ. ಹಣೆಯಲ್ಲಿ ವಿಭೂತಿ, ಹೆಗಲ ಮೇಲೆ ಒದ್ದೆ ಮಲ್‌ಮಲ್ ಬಟ್ಟೆಯ ಉದ್ದನೆ ಪಟ್ಟಿ. ವಯಸ್ಸು ಐವತ್ತು ದಾಟಿದೆ, ಕೈ ಮಾತ್ರ ಎಳೆಯರ ಕೈಯಷ್ಟು ಚುರುಕು.

ಈ ಮಾಘ ಮಾಸದ ಒಣ ಚಳಿ ಬಂತೆಂದರೆ ಮೈಸೂರಿನ ಗುಂಗುರು ಕೂದಲಿನ ಗಂಡಸರ ಪಾಡು ಯಾರಿಗೂ ಬೇಡ. ರಾತ್ರಿ ಉಣ್ಣೆ ಮಫ್ಲರ್ ಸುತ್ತಿಕೊಂಡು ಮಲಗುತ್ತಾರೆ, ಬೆಳಿಗ್ಗೆ ಬಿಚ್ಚಿದರೆ ತಲೆ ತುಂಬ ಕೂದಲು ಕೆದರಿ ನಿಂತಿರುತ್ತದೆ. ಹೆದರಿ ಕೊಬ್ಬರಿ ಎಣ್ಣೆ ಮೆತ್ತಿಕೊಳ್ಳುತ್ತಾರೆ. ಎಣ್ಣೆಯೋ ಚಳಿಗೆ ಹೆಪ್ಪುಗಟ್ಟಿ ಕೂತಿರುತ್ತದೆ. ಬಿಸಿಲೇರಿದ ಮೇಲೆ ಕರಗಿ, ಹಣೆ ಮೇಲಿಂದ ಇಳಿದು ಷರಟಿನ ಕಾಲರಿಗೆ ಬರುತ್ತದೆ. ಇಷ್ಟಾದರೂ ನೆತ್ತಿಯ ಮೇಲಿನ ನಾಲ್ಕು ಕೂದಲು ಬಗ್ಗುವುದಿಲ್ಲ. ಹೆಂಗಸರಾದರೆ ಜಡೆ ಹಾಕಿಕೊಂಡು ನಿಶ್ಚಿಂತೆಯಾಗಿರುತ್ತಾರೆ. ಗಂಡಸು ಏನು ಮಾಡಬೇಕು, ಪಾಪ!

ಕರಿಬಸವಯ್ಯನವರ ಹತ್ತಿರ ಬರಬೇಕು, ಅಷ್ಟೆ. ಅವರು ಪುಟ್ಟ ತಂಬಿಗೆಯಿಂದ ದಾಸವಾಳದ ಎಲೆಯ ಲೋಳೆಯನ್ನು ಅಂಗೈಗೆ ಸುರಿದುಕೊಂಡು, ಅದಕ್ಕೆ ಒಂದು ಹನಿ ಹರಳೆಣ್ಣೆ ಸೇರಿಸಿ ಉಜ್ಜುತ್ತಾರೆ. ಯುವಕನ ಕೂದಲೊಳಗೆ ಬೆರಳು ಆಡಿಸಿ, ಬುಡದಿಂದ ತುದಿಯವರೆಗೂ ಒತ್ತಿ ಒತ್ತಿ ಹಚ್ಚುತ್ತಾರೆ. ಆಮೇಲೆ ಅಗಲ ಹಲ್ಲಿನ ಕೊಂಬಿನ ಬಾಚಣಿಗೆಯನ್ನು ಒಂದೇ ಸಲ ಎಳೆದು, ಒದ್ದೆ ಪಟ್ಟಿಯನ್ನು ತಲೆ ಸುತ್ತ ಬಿಗಿದು ಕಟ್ಟಿ ಕೂರಿಸುತ್ತಾರೆ. ಕಾಫಿ ಕುಡಿದು ಪತ್ರಿಕೆ ಓದಿ ಮುಗಿಸುವಷ್ಟು ಹೊತ್ತು ಅದನ್ನು ಮುಟ್ಟುವಂತಿಲ್ಲ. ಬಿಚ್ಚಿದಾಗ ಒಂದೊಂದು ಗುಂಗುರೂ ಇದ್ದಲ್ಲೇ ಇರುತ್ತದೆ. ಹಾರಾಟ, ಕೂಗಾಟ ಯಾವುದೂ ಇಲ್ಲ.

"ಗುಂಗುರನ್ನ ನೆಟ್ಟಗೆ ಮಾಡಕ್ಕೋಗ್ಬಾರ್ದು ಕಣ್ರೀ. ಅದರ ಪಾಡಿಗೆ ಅದನ್ನ ಸುತ್ಕೊಳಕ್ಕೆ ಬುಡ್ಬೇಕು. ಒಣಗಿರೋದಕ್ಕೇ ಅದು ಸಿಟ್ಟು ಮಾಡ್ತದೆ. ಒಸಿ ತಣ್ಣಗೆ ಮಾಡುದ್ರೆ ಮಾತು ಕೇಳ್ತದೆ" ಎನ್ನುತ್ತಾರೆ ಅವರು.

ಈ ಪಟ್ಟಿ ಕಟ್ಟುವ ಕೈ ಕಲಿತದ್ದು ಪೇಟದ ಅಂಗಡಿಯಲ್ಲಿ. ಹುಡುಗನಾಗಿದ್ದಾಗಿನಿಂದ ಕರಿಬಸವಯ್ಯ ಇದೇ ಊರಿನ ಅಂಗಡಿಯೊಂದರಲ್ಲಿ ಜರಿಪೇಟ ಕಟ್ಟುತ್ತಿದ್ದವರು. ಆಗ ಕಚೇರಿಗೆ ಹೋಗುವವರೆಲ್ಲ ಪೇಟ ಸುತ್ತುತ್ತಿದ್ದರು, ಒಳಗಿನ ಕೂದಲು ಕುಣಿದರೂ ಕಾಣುತ್ತಿರಲಿಲ್ಲ. ಸ್ವಾತಂತ್ರ್ಯ ಬಂತು, ನೋಡನೋಡುತ್ತಾ ಪೇಟಗಳು ಇಳಿದವು. ಮದುವೆಗೊಂದು, ದಸರೆಗೊಂದು ಪೇಟ ಕಟ್ಟಿಕೊಂಡು ಎಷ್ಟು ದಿನ ಬದುಕುವುದು? ಐವತ್ತೈದನೇ ಇಸವಿಯಲ್ಲಿ ಅಂಗಡಿಯೇ ಮುಚ್ಚಿತು. ಕುಂಬಾರಕೊಪ್ಪಲಿನ ಮನೆಯಲ್ಲಿ ಹೆಂಡತಿ ಪುಟ್ಟಬಸಮ್ಮ, ಮಗಳು ಕಮಲ, ಅವರು, ಮೂವರೂ ಹೊಟ್ಟೆಗೆ ತಣ್ಣೀರು ಬಟ್ಟೆ ಕಟ್ಟಿಕೊಂಡ ದಿನಗಳವು.

ಹಿನಕಲ್‌ನಲ್ಲಿ ಹೊಲ ಮನೆ ನೋಡಿಕೊಂಡಿರುವ ಅಣ್ಣ ರುದ್ರಸ್ವಾಮಿಯವರ ಬಾಗಿಲಿಗೆ ಹೋದರು. ಅಣ್ಣ ಕಾಫಿ ಕೊಟ್ಟು, ಏನಾದರೂ ದಾರಿ ನೋಡಿಕೋ ಎಂದು ಕಳಿಸಿದರು. ದಾರಿ ತೋರಿಸಿದವರು ಗೋವಿಂದರಾಜು. ಪೇಟದಂಗಡಿಯ ಎದುರಿಗೇ ಕ್ಷೌರದಂಗಡಿ ಇಟ್ಟುಕೊಂಡಿದ್ದ ಅವರಿಗೆ ಕರಿಬಸವಯ್ಯನವರ ಕೈಚಳಕ ಗೊತ್ತಿತ್ತು. "ಅಯ್ಯನೋರೇ, ಕಟಿಂಗ್ ಮುಗಿಸಿ ಎದ್ದರೆ ಗುಂಗುರು ಕೂದಲೋರು ನನ್ನನ್ನೇ ಬೈತಾರೆ. ನೀವು ಬಟ್ಟೆ ಬಗ್ಗಿಸ್ತಿದ್ರಲ್ಲ, ಕೂದಲು ಬಗ್ಗಿಸಕ್ಕಾಗಲ್ವಾ?" ಎಂದು ಒಂದು ಮೂಲೆ, ಒಂದು ಕುರ್ಚಿ ಬಿಟ್ಟುಕೊಟ್ಟರು. ಇವತ್ತಿಗೂ ಆ ಮೂಲೆಗೆ ಬಾಡಿಗೆ ಕೇಳಿದವರಲ್ಲ.

ಮೊದಮೊದಲು ಪುಟ್ಟಬಸಮ್ಮ ಅತ್ತುಬಿಟ್ಟಿದ್ದರಂತೆ. ಅಯ್ಯನವರ ಮನೆತನ, ಕ್ಷೌರದಂಗಡಿಯಲ್ಲಿ ಕೂತು ಕಂಡವರ ತಲೆ ಮುಟ್ಟುವುದೇ! ಈಗ ಅದೇ ಪುಟ್ಟಬಸಮ್ಮ ಕೋಳಿ ಕೂಗುವ ಹೊತ್ತಿಗೆ ಎದ್ದು, ಹಿತ್ತಲ ದಾಸವಾಳದ ಎಲೆ ಕಿವುಚಿ ಸೋಸಿ ತಂಬಿಗೆ ತುಂಬಿಸಿಡುತ್ತಾರೆ. "ಅತ್ತಿದ್ದು ನಿಜ ಕಣಪ್ಪ. ಆಮೇಲೆ ಒಲೆ ಹತ್ತಿಸ್ದಾಗ ಅಳು ನಿಂತೋಯ್ತು" ಎಂದು ನಗುತ್ತಾರೆ.

ಊರಿನ ತಲೆಗಳೆಷ್ಟೋ ಈ ಮೂಲೆಯಿಂದ ಎದ್ದು ಹೋಗಿವೆ. ಫೋಟೋ ತೆಗೆಸಲು ಹೊರಟ ಮದುಮಕ್ಕಳು, ಕಾಲೇಜಿನ ಹುಡುಗರು, ಕಚೇರಿಯ ಸಾಹೇಬರು. ವಿದ್ಯಾರಣ್ಯಪುರಂನ ಶಾಲಾ ಮೇಷ್ಟ್ರು ಬಸವರಾಜು ಬಂದದ್ದೂ ಹೀಗೇ. ಬೋರ್ಡಿನ ಕಡೆ ತಿರುಗಿದರೆ ಸಾಕು, ಅವರ ತಲೆ ನೋಡಿ ಮಕ್ಕಳು ಕಿಸಕ್ಕೆಂದು ನಗುತ್ತಿದ್ದರು. ಇನ್‌ಸ್ಪೆಕ್ಷನ್ ದಿನ ಪಟ್ಟಿ ಕಟ್ಟಿಸಿಕೊಂಡು ಹೋದವರು, ಮಾರನೇ ವಾರ ತಮ್ಮ ತಂದೆಯನ್ನೇ ಕರೆತಂದು ಕಮಲಳನ್ನು ಮದುವೆಗೆ ಕೇಳಿದರು. ಅಯ್ಯನವರ ಕೆಲಸ ಏನೆಂದು ಆ ಮನೆಯವರಿಗೆ ಹೊಸದಾಗಿ ಹೇಳುವ ಅಗತ್ಯವೇ ಬೀಳಲಿಲ್ಲ.

ಮಗಳ ಮದುವೆಗೆ ಕರಿಬಸವಯ್ಯನವರಿಗಿದ್ದ ಆಸೆ ಒಂದೇ. ಚಪ್ಪರದ ಊಟದಲ್ಲಿ, ಮೊದಲನೇ ಸಾಲಿನಲ್ಲಿ, ಮನೆಯ ಹಿರಿಯರ ಜೊತೆ ಗೋವಿಂದರಾಜು ಕೂತು ಉಣ್ಣಬೇಕು.

ಇದು ಕಿವಿಗೆ ಬಿದ್ದದ್ದೇ ತಡ, ಹಿನಕಲ್‌ನಿಂದ ಅಣ್ಣ ಬಂದಿಳಿದರು. ತಂದೆ ಇಲ್ಲದ ಮನೆಗೆ ಅವರೇ ಹಿರಿಯರು, ಅವರು ಬಾರದಿದ್ದರೆ ಮದುವೆಗೆ ಕಳೆಯಿಲ್ಲ. "ಲಿಂಗಪೂಜೆ ಮಾಡೋ ಕೈಲಿ ಕಂಡೋರ ತಲೆ ಮುಟ್ಟುದ್ದು ಸಾಲ್ದಾ? ಈಗ ಕ್ಷೌರದೋನ ಪಕ್ಕ ನನ್ನನ್ನೂ ಕೂರುಸ್ತೀಯಾ? ಅವ್ನು ಆ ಸಾಲಲ್ಲಿ ಕೂತ್ರೆ ನಾನು ಚಪ್ಪರಕ್ಕೆ ಕಾಲಿಡಲ್ಲ" ಎಂದು ಕಡ್ಡಿ ಮುರಿದಂತೆ ಹೇಳಿದರು.

ಕರಿಬಸವಯ್ಯ ದನಿ ಎತ್ತಲಿಲ್ಲ. "ಕೈ ತೊಳ್ಕೊಂಡೇ ಹೋಗ್ತೀನಿ, ತೊಳ್ಕೊಂಡೇ ಬತ್ತೀನಿ ಅಣ್ಣ. ಅಂಗಡಿ ಮುಚ್ದಾಗ ನಿನ್ನತ್ರಾನೂ ಬಂದಿದ್ದೆ. ನನಗೆ ಸಿಟ್ಟಿಲ್ಲ, ನಿನ್ನ ಕಷ್ಟ ನಿನಗಿತ್ತು. ಆದ್ರೆ ಕಮಲ ಇವತ್ತು ಮದುಮಗಳಾಗೋಕೆ ಅನ್ನ ಹುಟ್ಟಿಸ್ದೋನು ಅವ್ನು. ಅವನನ್ನ ಹೊರಗೆ ನಿಲ್ಸಿ ನಾನೆಂಗೆ ಉಣ್ಲಿ?"

ಅಣ್ಣ ಟವೆಲು ಕೊಡವಿ ಎದ್ದು ಹೋದರು. ಸುದ್ದಿ ತಿಳಿದ ಗೋವಿಂದರಾಜು ಅದಕ್ಕಿಂತ ಹೆಚ್ಚು ನೊಂದುಕೊಂಡರು. "ನನ್ನಿಂದ ಅಣ್ಣತಮ್ಮಂದಿರು ಬೇರೆ ಆಗೋದು ಬ್ಯಾಡಿ ಅಯ್ಯನೋರೇ. ಎಲ್ಲಾರೂ ಉಂಡ ಮೇಲೆ ಬಂದು ಅಕ್ಷತೆ ಹಾಕ್ಬುಟ್ಟು ಹೋಯ್ತೀನಿ" ಎಂದರು. ಅದನ್ನು ಕೇಳಿದ ಪುಟ್ಟಬಸಮ್ಮ ಸುಮ್ಮನಿರಲಿಲ್ಲ. ಅರಿಶಿನ ಕುಂಕುಮದ ಬಟ್ಟಲು ಹಿಡಿದು ಗೋವಿಂದರಾಜು ಅವರ ಮನೆಗೇ ಹೋಗಿ, ಗಂಡ ಹೆಂಡತಿ ಇಬ್ಬರನ್ನೂ ಕರೆದು, ಊಟಕ್ಕೆ ಮೊದಲೇ ಬರಬೇಕೆಂದು ಹೇಳಿ ಬಂದರು. ಅಣ್ಣ ಬಂದರೂ ಸರಿ, ಬರದಿದ್ದರೂ ಸರಿ ಎಂದು ಕರಿಬಸವಯ್ಯ, ಪುಟ್ಟಬಸಮ್ಮ ಇಬ್ಬರೂ ತೀರ್ಮಾನಿಸಿಯಾಗಿತ್ತು. ಆದರೂ ರಾತ್ರಿಯೆಲ್ಲ ಕರಿಬಸವಯ್ಯ ಹೊರಳಾಡುತ್ತಿದ್ದರೆಂದು ಮಗಳು ಹೇಳುತ್ತಾಳೆ. ಒಡಹುಟ್ಟಿದವನಲ್ಲವೇ, ಕರುಳು ಕೇಳುತ್ತದೆಯೇ?

ಮದುವೆಯ ಬೆಳಗ್ಗೆ, ವಾಲಗದವರು ಇನ್ನೂ ಬಂದಿರಲಿಲ್ಲ. ಚಪ್ಪರದ ಕಂಬದ ಹತ್ತಿರ ಒಬ್ಬರು ನಿಂತಿದ್ದರು. ಹಿನಕಲ್‌ನಿಂದ ಚಳಿಯಲ್ಲಿ ಸೈಕಲ್ ತುಳಿದು ಬಂದ ರುದ್ರಸ್ವಾಮಿ! ತಲೆಗೆ ಕಟ್ಟಿದ್ದ ಮಫ್ಲರ್ ಆಗ ತಾನೇ ಬಿಚ್ಚಿದ್ದರು. ಅಣ್ಣತಮ್ಮಂದಿರದು ಒಂದೇ ಬಗೆಯ ದಟ್ಟ ಗುಂಗುರು. ನರೆತಿದೆ, ಹಟ ಮಾತ್ರ ಬಿಟ್ಟಿಲ್ಲ. ಅದು ದಿಕ್ಕುದಿಕ್ಕಿಗೆ ಎದ್ದು ನಿಂತಿತ್ತು. ಅವರು ಯಾರ ಮುಖವನ್ನೂ ನೋಡದೆ ಬಂದು ಮಣೆಯ ಮೇಲೆ ಕೂತರು.

"ಹೆಣ್ಣಿನ ದೊಡ್ಡಪ್ಪ ಹಿಂಗೆ ನಿಂತ್ರೆ ಬೀಗರು ನಗ್ತಾರೆ. ಒಸಿ ನೋಡು" ಎಂದರು.

ಕರಿಬಸವಯ್ಯ ತಂಬಿಗೆ ತಂದರು, ಅಂಗೈ ಒದ್ದೆ ಮಾಡಿಕೊಂಡರು. ಆದರೆ ತಲೆ ಮುಟ್ಟಲಿಲ್ಲ. "ಅಣ್ಣಾ, ಗೋವಿಂದರಾಜು ಮೊದಲ್ನೇ ಸಾಲಲ್ಲೇ ಕೂರ್ತಾನೆ."

"ಗೊತ್ತು ಕಣೋ. ನನ್ನ ಪಕ್ಕದ ಎಲೆ ಅವನಿಗೆ ಇಡ್ಸು." ರುದ್ರಸ್ವಾಮಿ ತಲೆ ಬಗ್ಗಿಸಿದರು. "ಅವತ್ತು ನೀನು ಬಂದಾಗ ನಾನು ಬರೀ ಕಾಫಿ ಕೊಟ್ಟೆ. ಅದು ನನಗೂ ನೆನಪೈತೆ. ಈಗ ಕೈ ಹಾಕು, ಚಳಿ ಆಯ್ತದೆ."

ಇದನ್ನು ಹೇಳುವಾಗ ಕರಿಬಸವಯ್ಯನವರ ಕಣ್ಣು ತುಂಬುತ್ತದೆ. ಅಂಗಡಿಯ ಆ ಕಡೆ ಕತ್ತರಿ ಆಡಿಸುತ್ತಿರುವ ಗೋವಿಂದರಾಜು, ಕೇಳಿಸಿದರೂ ಕೇಳಿಸದವರಂತೆ ಇದ್ದಾರೆ. ಸಂದರ್ಶನದ ಯುವಕ ಪಟ್ಟಿ ಬಿಚ್ಚಿಸಿಕೊಂಡು, ಕನ್ನಡಿಯಲ್ಲಿ ಎಡಕ್ಕೂ ಬಲಕ್ಕೂ ತಿರುಗಿ ನೋಡಿಕೊಂಡು, ಇದ್ದಕ್ಕಿದ್ದಂತೆ ಬಗ್ಗಿ ಅಯ್ಯನವರ ಕಾಲು ಮುಟ್ಟಿ ಓಡುತ್ತಾನೆ. ಹೊಟ್ಟೆಪಾಡಿಗೆಂದು ಹಿಡಿದ ಕೆಲಸ ಎಷ್ಟು ಜನರ ಹರಕೆ ತಂದುಕೊಟ್ಟಿದೆ!

ಮದುವೆ ಊಟ ಹೇಗಿತ್ತು ಎಂದು ಕೇಳಿದರೆ ಕರಿಬಸವಯ್ಯ ಪಟ್ಟಿಯನ್ನು ಹಿಂಡುತ್ತಾ ನಗುತ್ತಾರೆ.

"ನಾನು ಕೂತ್ಕೊಳ್ಲೇ ಇಲ್ಲ ಸ್ವಾಮಿ, ಬಡಿಸ್ತಾ ಇದ್ದೆ. ಗೋವಿಂದರಾಜು ನಾಚ್ಕೊಂಡು ಸಾಕು ಸಾಕು ಅಂತಿದ್ದ. ನಮ್ಮಣ್ಣನೇ ಗದರ್ಸಿ ಅವನಿಗೆ ಎರಡನೇ ಸಲ ಪಾಯಸ ಹಾಕ್ಸಿದ."