ಗೋಡಂಬಿ ತೋಟದಲ್ಲಿ ಅವ್ವನ ತಾಟು

“ಮೀ ಇಂಟ್ಲೋ ಕಂಚಾಲು ಎನ್ನಿ ಉನ್ನಾಯಂಡಿ?”

ವಿಶಾಖಪಟ್ಟಣದ ಮಧುರವಾಡಕ್ಕೆ ಬಂದು ಸಾಮಾನಿನ ಗಂಟು ಬಿಚ್ಚುವ ಮೊದಲೇ ಬಾಗಿಲಲ್ಲಿ ನಿಂತ ಅಪರಿಚಿತ ಹೆಂಗಸು ಕೇಳಿದ ಪ್ರಶ್ನೆ ಇದು. ನಾನು ಪಿಳಿಪಿಳಿ ನೋಡಿದ್ದನ್ನು ಕಂಡು ಕೈಯಿಂದ ಬಾಯಿಗೆ ತುತ್ತಿಡುವ ಅಭಿನಯ ಮಾಡಿದರು. ಕಂಚಂ ಎಂದರೆ ಊಟದ ತಟ್ಟೆ, ನಮ್ಮ ಗದಗಿನಲ್ಲಿ ತಾಟು. ನಿಮ್ಮ ಮನೆಯಲ್ಲಿ ತಾಟು ಎಷ್ಟಿವೆ ಎಂದು ಕೇಳುತ್ತಿದ್ದಾರೆ! ಹೆಸರಿಲ್ಲ, ಊರಿಲ್ಲ, ನೇರವಾಗಿ ಅಡುಗೆಮನೆಗೇ ಕೈ. ನಮ್ಮ ಕಡೆ ಹೊಸಬರಿಗೆ ಮೊದಲು ಚಹಾ ಕೊಟ್ಟು, ಆಮೇಲೆ ಒಳಗಿನದೆಲ್ಲ ಕೆದಕುತ್ತಾರೆ. ಇಲ್ಲಿ ಚಹಾ ಆಮೇಲೆ ಬಂತು.

ಅವರು ಕೆಳಗಿನ ಮನೆಯ ವರಲಕ್ಷ್ಮಿಗಾರು. ಓಣಿಯ ಹೆಂಗಸರ ಸಂಘ ನಡೆಸುತ್ತಿದ್ದರು. ಮನೆಯಲ್ಲಿ ಹೆಚ್ಚಾಗಿದ್ದ ಸ್ಟೀಲ್ ತಾಟುಗಳನ್ನು ಒಟ್ಟುಗೂಡಿಸಿ, ಮದುವೆ, ಪೂಜೆ ಇದ್ದವರಿಗೆ ಕೊಡುವುದು, ತೊಳೆದು ಮರಳಿ ಪಡೆಯುವುದು ಅವರ ಕೆಲಸ. ಒಮ್ಮೆ ಉಂಡು ಎಸೆಯುವ ಥರ್ಮಾಕೋಲ್ ತಟ್ಟೆಗಳ ಮೇಲೆ ಅವರಿಗೆ ಎಂಥ ಸಿಟ್ಟೆಂದರೆ, ಆ ಮಾತು ಬಂದಾಗ ಮರ್ಯಾದೆಯ ‘ಅಂಡಿ’ ಕೂಡ ಬಿಟ್ಟುಬಿಡುತ್ತಿದ್ದರು.

ಆಗ ದೊಡ್ಡ ಚಂಡಮಾರುತ ಬಂದುಹೋಗಿ ಎರಡು ವರ್ಷವಾಗಿತ್ತು. ಗುಡ್ಡದ ಮೇಲಿನ ಮರಗಳಿಗೆ ಇನ್ನೂ ತಲೆ ಬಂದಿರಲಿಲ್ಲ. ನನ್ನ ಗಂಡ ಪ್ರಕಾಶ ಔಷಧ ಕಂಪನಿಯ ಕೆಲಸಕ್ಕೆ ಬೆಳಗಾದರೆ ಹೊರಟುಬಿಡುತ್ತಿದ್ದರು. ನಾನು ನಾಲ್ಕನೆಯ ಮಹಡಿಯಲ್ಲಿ ಒಬ್ಬಳೇ. ರೊಟ್ಟಿ ಬಡಿಯಲು ಕುಳಿತರೆ ಸಮುದ್ರದ ಗಾಳಿ ಹಿಟ್ಟು ಹಾರಿಸುತ್ತಿತ್ತು. ಬೀದಿಯ ಬೋರ್ಡುಗಳನ್ನು ಅರ್ಧ ಓದಬಹುದಿತ್ತು, ಅರ್ಧ ಆಗುತ್ತಿರಲಿಲ್ಲ. ನೆಂಟರ ಮದುವೆಯಲ್ಲಿ ಕಂಡ ಪರಿಚಿತ ಮುಖದ ಹೆಸರು ನೆನಪಾಗದಿದ್ದ ಹಾಗೆ. ಮೊದಮೊದಲು ಬಹಳ ಅತ್ತಿದ್ದೇನೆ.

ತಾಟು ಕೊಡುವುದು ತಡವಾಗಲಿಲ್ಲ. ನನ್ನ ಮದುವೆಯಲ್ಲಿ ಬಂದವನ್ನೆಲ್ಲ ಕೊಟ್ಟೆ. ಅವ್ವನದೊಂದನ್ನು ಮಾತ್ರ ಇಟ್ಟುಕೊಂಡೆ. ಅದರ ಅಂಚಿನಲ್ಲಿ ಚುಕ್ಕಿ ಚುಕ್ಕಿಯಾಗಿ ‘ಸೌ. ಗಿರಿಜಾ’ ಎಂದು ಕೆತ್ತಿದೆ. ಅವ್ವ ಕೊನೆಯ ದಿನದವರೆಗೂ ಉಂಡ ತಾಟು. ಅವಳು ಹೋದ ಮೇಲೆ ಅಣ್ಣಂದಿರ ಹತ್ತಿರ ನಾನು ಕೇಳಿದ್ದು ಅದೊಂದನ್ನೇ.

ಕಾರ್ತಿಕ ಮಾಸದಲ್ಲಿ ಇಲ್ಲಿಯ ಜನ ವನಭೋಜನಕ್ಕೆ ಹೋಗುತ್ತಾರೆ. ಮರದ ನೆರಳಿನಲ್ಲಿ ಅಡುಗೆ ಮಾಡಿ ಎಲ್ಲರೂ ಸಾಲಾಗಿ ಕುಳಿತು ಉಣ್ಣುವ ಹಬ್ಬ. ನಮ್ಮ ಓಣಿಯವರು ಹೋಗುತ್ತಿದ್ದದ್ದು ಅಪ್ಪಲನರಸಮ್ಮ ಎಂಬ ಮುದುಕಿಯ ಗೋಡಂಬಿ ತೋಟಕ್ಕೆ. ಚಂಡಮಾರುತ ಅದನ್ನು ಪೂರ್ತಿ ಮಲಗಿಸಿತ್ತು. ಸಂಘದವರೇ ಗುಂಡಿ ತೋಡಿ ಕಸಿ ಸಸಿ ನೆಟ್ಟು, ಸರದಿಯ ಮೇಲೆ ನೀರು ಹೊತ್ತಿದ್ದರು. ಆದರೆ ಹಿಂದಿನ ಕಾರ್ತಿಕದಲ್ಲಿ ಉಂಡೆದ್ದವರ ಥರ್ಮಾಕೋಲ್ ತಟ್ಟೆಗಳು ಗಾಳಿಗೆ ಹಾರಿ ಆ ಸಸಿಗಳ ಬುಡದಲ್ಲೇ ಕುಳಿತವು. ಮುದುಕಿ ಒಬ್ಬಳೇ ಬಗ್ಗಿ ಬಗ್ಗಿ ಹೆಕ್ಕಿದಳಂತೆ, ಆಮೇಲೆ ಗೇಟಿಗೆ ಬೀಗ ಹಾಕಿದಳಂತೆ. ಈ ಸಲ ಒಂದು ಎಸೆಯುವ ತಟ್ಟೆಯೂ ಒಳಗೆ ಬರುವುದಿಲ್ಲ ಎಂದು ವರಲಕ್ಷ್ಮಿಗಾರು ಮಾತು ಕೊಟ್ಟು ಬೀಗ ತೆಗೆಸಿದ್ದರು.

ಎಲ್ಲರೂ ಸ್ಟೀಲ್ ತಾಟಿನ ಮುಂದೆ ಕುಳಿತಾಯಿತು. ತೋಟದೊಡತಿ ಗೇಟಿನ ಹತ್ತಿರ ಸೊಂಟಕ್ಕೆ ಕೈಯಿಟ್ಟು ಕಾವಲು ನಿಂತಿದ್ದಳು. ಅವಳು ಕೂರದೆ ನಾವು ಉಣ್ಣುವುದು ಹೇಗೆ? ಎಳೆದು ತಂದು ಕೂರಿಸಿದರೆ ಅವಳಿಗೇ ತಾಟಿಲ್ಲ! ಸಂಘದ ತಾಟುಗಳು ಸಾಲವೆಂದು ಮನೆಯಿಂದ ತಂದಿದ್ದ ಅವ್ವನ ತಾಟು ನನ್ನ ಮುಂದಿತ್ತು; ಅದನ್ನೇ ಅವಳ ಮುಂದೆ ಸರಿಸಿ, ಪಾತ್ರೆಯ ಮುಚ್ಚಳದಲ್ಲಿ ಉಂಡೆ. ಮುದುಕಿ ಅಂಚಿನ ಅಕ್ಷರದ ಮೇಲೆ ಬೆರಳಾಡಿಸಿದಳು.

“ಎವರಿ ಪೇರಮ್ಮಾ ಇದಿ?” ಯಾರ ಹೆಸರೆಂದು ಕೇಳಿದಳು.

“ಮಾ ಅಮ್ಮದಿ. ಲೇದು ಇಪ್ಪುಡು,” ಎಂದೆ. ನಮ್ಮಮ್ಮನದು, ಈಗ ಇಲ್ಲ. ನನ್ನ ಹರುಕು ತೆಲುಗಿಗೆ ಅಷ್ಟೇ ಬಂತು.

ಊಟವಾದ ಮೇಲೆ ಬಾವಿಯ ಹತ್ತಿರ ತಾಟು ತೊಳೆದು, ಅಂಚಿನ ಹೆಸರು ಕೂಗಿ ಕೂಗಿ ಪೇರಿಸಿದರು. ಶಾಲೆಯ ಹಾಜರಿಯ ಹಾಗೆ ಎಲ್ಲರ ಹೆಸರೂ ಬಂತು. ಗಿರಿಜಾ ಬರಲಿಲ್ಲ. ಮುದುಕಿಯೂ ಕಾಣಲಿಲ್ಲ.

“ಅಡಗಮಂಟಾರಾ?” ಕೇಳಲೇ ಎಂದರು ವರಲಕ್ಷ್ಮಿಗಾರು. ಬೇಡವೆಂದೆ. ಹೇಗೆ ಕೇಳುವುದು? ಕೇಳಿದರೆ ಕಳ್ಳಿ ಎಂದ ಹಾಗೆ. ಕೇಳದಿದ್ದರೆ ಅವ್ವನ ತಾಟು ಹೋಯಿತು. ಮನೆಗೆ ಬಂದು ಸಂಘಕ್ಕೂ ಊರಿಗೂ ಸೇರಿಸಿ ಮನಸಾರೆ ಬೈದೆ. “ಊರ ಉದ್ಧಾರ ಮಾಡಾಕ್ ಹೋಗಿ ತಾಟ್ ಕಳಕೊಂಡ್ ಬಂದೀ,” ಎಂದು ಪ್ರಕಾಶ ನಕ್ಕದ್ದಕ್ಕೆ ಅವರಿಗೂ ಬಿತ್ತು.

ಸಂಕ್ರಾಂತಿ ಕಳೆಯುತ್ತಲೇ ಅವರಿಗೆ ವಿಜಯವಾಡಕ್ಕೆ ವರ್ಗವಾಯಿತು. ಇನ್ನು ಸಂಕೋಚಪಟ್ಟರೆ ಆ ತಾಟು ಮತ್ತೆ ಸಿಗುವುದಿಲ್ಲ. ಧೈರ್ಯ ಮಾಡಿ ತೋಟಕ್ಕೆ ಹೋದೆ. ಬಾಯಿ ತೆರೆಯುವ ಮೊದಲೇ ಅಪ್ಪಲನರಸಮ್ಮ ಒಳಗಿನಿಂದ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ್ದ ತಾಟು ತಂದಳು. ಫಳಫಳ ಹೊಳೆಯುತ್ತಿತ್ತು. ತಂದವಳು ಕೊಡಲಿಲ್ಲ, ಮಡಿಲಲ್ಲೇ ಇಟ್ಟುಕೊಂಡಳು.

“ಅಮ್ಮ ಕಂಚಂ ಖಾಳೀಗಾ ಎಲಾಗಿತ್ತಾನಮ್ಮಾ? ಜೀಡಿಪಂಟ ರಾನೀ.”

ಅಮ್ಮನ ತಾಟು ಖಾಲಿ ಹೇಗೆ ಕೊಡಲಿ, ಗೋಡಂಬಿ ಫಸಲು ಬರಲಿ. ನನಗೆ ಕಣ್ಣು ತುಂಬಿತು. ನಮ್ಮವ್ವನೂ ಯಾರ ಡಬ್ಬಿಯನ್ನೂ ಖಾಲಿ ಮರಳಿಸಿದವಳಲ್ಲ. ಏನೂ ಇಲ್ಲದಿದ್ದರೆ ಒಂದು ಚಿಟಿಕೆ ಸಕ್ಕರೆಯಾದರೂ ಹಾಕುತ್ತಿದ್ದಳು. ಊರು ಬಿಡುತ್ತಿದ್ದೇನೆ, ನೀನೂ ಸಕ್ಕರೆ ಹಾಕಿ ಕೊಡು ಅಜ್ಜಿ ಎಂದೆ. ಅವಳು ತಲೆ ಅಲ್ಲಾಡಿಸಿದಳು.

“ಕೊಟ್ಟುಲೋದಿ ಎವರೈನಾ ಇತ್ತಾರು. ಮೀರು ನಾಟಿನ ಚೆಟ್ಟುದಿ ಪೆಟ್ಟಾಲಿ.”

ಅಂಗಡಿಯದನ್ನು ಯಾರು ಬೇಕಾದರೂ ಕೊಡುತ್ತಾರೆ, ನೀವು ನೆಟ್ಟ ಗಿಡದ್ದು ಇಡಬೇಕು. ಸಂಘದವರು ನೆಟ್ಟಿದ್ದ ಸಸಿಗಳು ಮೊದಲ ಸಲ ಹೂ ಬಿಟ್ಟಿದ್ದವು. ಅವುಗಳಲ್ಲಿ ಒಂದನ್ನೂ ನಾನು ನೆಟ್ಟಿರಲಿಲ್ಲ. ಆದರೂ ‘ಮೀರು’ ಎಂದಾಗ ಅವಳು ನನ್ನನ್ನೂ ಸೇರಿಸಿಯೇ ಹೇಳಿದ್ದಳು. ತಾಟನ್ನು ಅವಳ ಮಡಿಲಲ್ಲೇ ಬಿಟ್ಟು ಬಂದೆ.

ವಿಜಯವಾಡದಲ್ಲಿ ಸಮುದ್ರವಿಲ್ಲ, ಬರೀ ಬಿಸಿಲು. ಬೆಂಜ್ ಸರ್ಕಲ್ ದಾಟಲು ನಿಂತರೆ ಸೀರೆಯ ಬಣ್ಣವೇ ಬದಲಾಗುವಷ್ಟು ಧೂಳು. ಇಲ್ಲಿ ಯಾರೂ ಬಾಗಿಲು ತಟ್ಟಲಿಲ್ಲ. ಕೆಲವು ದಿನ ಕಾದು ನಾನೇ ಎದುರುಮನೆಯ ಬಾಗಿಲು ತಟ್ಟಿದೆ. “ಮೀ ಇಂಟ್ಲೋ ಕಂಚಾಲು ಎನ್ನಿ ಉನ್ನಾಯಂಡಿ?” ಆ ಹೆಂಗಸು ಥೇಟ್ ನನ್ನ ಹಾಗೆಯೇ ಪಿಳಿಪಿಳಿ ನೋಡಿದರು. ನನಗೆ ನಗು ತಡೆಯಲಾಗಲಿಲ್ಲ. ಈಗ ನಮ್ಮ ಅಪಾರ್ಟ್‌ಮೆಂಟಿನ ಮೆಟ್ಟಿಲ ಕೆಳಗೂ ಒಂದು ಟ್ರಂಕಿನ ತುಂಬ ತಾಟುಗಳಿವೆ.

ಬೇಸಗೆಯಲ್ಲಿ ವರಲಕ್ಷ್ಮಿಗಾರು ನೆಂಟರ ಮದುವೆಗೆಂದು ಇಲ್ಲಿಗೆ ಬಂದರು. ಚೀಲದೊಳಗೆ ಬಟ್ಟೆ ಕಟ್ಟಿದ ಅವ್ವನ ತಾಟು, ಅದರ ತುಂಬ ಗೋಡಂಬಿ. ಸುಟ್ಟು, ಒಂದೊಂದಾಗಿ ಒಡೆದು, ಸಿಪ್ಪೆಯ ಎಣ್ಣೆಗೆ ಮುದುಕಿಯ ಬೆರಳೆಲ್ಲ ಕಪ್ಪಾಗಿವೆಯಂತೆ. ಬರುವ ಕಾರ್ತಿಕಕ್ಕೆ ಗೇಟು ತೆರೆದಿರುತ್ತದೆ ಎಂದೂ ಹೇಳಿ ಕಳಿಸಿದ್ದಳು.

“ಅಂತೂ ನಿಮ್ಮವ್ವನ ತಾಟು ಮನಿ ಸೇರ್ತು. ಇನ್ನರ ಒಳಗ ಜ್ವಾಕಿಯಿಂದ ಇಡು,” ಎಂದರು ಪ್ರಕಾಶ.

ಇಡಬೇಕೆಂದೇ ಇದ್ದೆ. ಆದರೆ ಮರುದಿನ ವರಲಕ್ಷ್ಮಿಗಾರು ಹೊರಡುವ ಹೊತ್ತಿಗೆ ನಾನು ಅವ್ವನ ಕೈಯಳತೆಯಲ್ಲೇ ಶೇಂಗಾ ಹೋಳಿಗೆ ಮಾಡಿ, ಅದೇ ತಾಟಿಗೆ ಹಾಕಿ ಬಟ್ಟೆ ಕಟ್ಟುತ್ತಿದ್ದೆ.

“ಮತ್ತ ಕಳಸಾಕ್ಹತ್ತೀ? ಅದು ನಿಮ್ಮ ತಾಟಲ್ಲೇನು?”

“ನಮ್ದ ಐತ್ರೀ. ಅದಕ್ಕ ಕಳಸಾಕ್ಹತ್ತೀನಿ.”

ನಿಮ್ಮ ಊರು ಯಾವುದೆಂದು ಇಲ್ಲಿ ಕೇಳಿದರೆ ಗದಗ ಎನ್ನುತ್ತೇನೆ. ಗದಗಿಗೆ ಹೋದರೆ ನನಗೇ ತಿಳಿಯದೆ ‘ಮಾ ವೈಜಾಗ್‌ಲೋ’, ನಮ್ಮ ವಿಶಾಖಪಟ್ಟಣದಲ್ಲಿ, ಎಂದು ಶುರುಮಾಡಿ ಅತ್ತಿಗೆಯರ ಕೈಯಲ್ಲಿ ಸಿಕ್ಕಿಬೀಳುತ್ತೇನೆ. ನಾನು ಇರುವುದು ವಿಜಯವಾಡದಲ್ಲಿ. ಹುಬ್ಬಳ್ಳಿಯಿಂದಾಚೆ ರೈಲು ಹತ್ತದ ನಮ್ಮವ್ವ ಮಾತ್ರ ಈಗ ವರ್ಷಕ್ಕೊಮ್ಮೆ ಹೋಳಿಗೆ ಹೊತ್ತು ಸಮುದ್ರದ ಊರಿಗೆ ಹೋಗುತ್ತಾಳೆ, ಗೋಡಂಬಿ ಹೊತ್ತು ನನ್ನ ಮನೆಗೆ ಬರುತ್ತಾಳೆ.