ವಾಸಪ್ಪನ ಕಾರಿನ ಬಲಬಾಗಿಲು

ಬರ್ರ್, ಬರ್ರ್. ಬೆಂಕಿಪೊಟ್ಟಣದಲ್ಲಿ ಹಾಕಿ ಮುಚ್ಚಿದ ಜೀರುಂಡೆಯ ಹಾಗೆ. ಕಾರಿನಲ್ಲಿ ಹಾಕಿದ್ದ ಹಾಡಿನ ಮದ್ದಳೆಯ ಒಂದೊಂದು ಪೆಟ್ಟಿಗೂ ಆ ಜೀರುಂಡೆ ರೆಕ್ಕೆ ಬಡಿಯುತ್ತಿತ್ತು. ಕಾರು ಇನ್ನೂ ಕೋಣಂದೂರು ಪೇಟೆಯ ತಿರುವಿನಲ್ಲಿತ್ತು. ಅಂಗಡಿಯೊಳಗೆ ವೈರು ಸುತ್ತುತ್ತಿದ್ದ ನಿರಂಜನನಿಗೆ ಬರುತ್ತಿರುವುದು ವಾಸಪ್ಪನೆಂದು ಅಷ್ಟರಿಂದಲೇ ಗೊತ್ತಾಯಿತು. ಇಪ್ಪತ್ತು ದಿನದ ಹಿಂದೆ ಆ ಕಾರಿಗೆ ಹಾಡು ಕೇಳುವ ಹೊಸ ಸೆಟ್ಟು, ಹೊಸ ಸ್ಪೀಕರುಗಳನ್ನು ಕೂರಿಸಿಕೊಟ್ಟವನು ಅವನೇ.

ವಾಸಪ್ಪ ಟ್ಯಾಕ್ಸಿ ಸ್ಟ್ಯಾಂಡಿನ ಹಿರಿಯ. ಅಲ್ಲಿರುವ ಹದಿನಾಲ್ಕು ಗಾಡಿಗಳಿಗೆ ಯಾವ ಟೈರು, ಯಾವ ಗ್ಯಾರೇಜು ಎಂಬುದೆಲ್ಲ ಅವನು ಹೇಳಿದಂತೆ. ಒಂದು ವಾರದಿಂದ ಅವನು ಅಲ್ಲಿ ಕೂತು ಒಂದೇ ಮಾತು ಹೇಳುತ್ತಿದ್ದ: ನಿರಂಜನ ಹಾಕಿದ್ದು ಡೂಪ್ಲಿಕೇಟ್ ಮಾಲು. ಸೆಟ್ಟು ಹಾಕಿಸುತ್ತೇವೆಂದಿದ್ದ ಇಬ್ಬರು ಆಗಲೇ ತೀರ್ಥಹಳ್ಳಿಗೆ ಹೋಗಿ ಹಾಕಿಸಿಕೊಂಡು ಬಂದಿದ್ದರು. ಮೂರನೆಯವನು ಯೋಗರಾಜ್. ತೀರ್ಮಾನ ಮಾಡುವುದಕ್ಕೆಂದೇ ಅವನು ಇವತ್ತು ವಾಸಪ್ಪನ ಪಕ್ಕದ ಸೀಟಿನಲ್ಲಿ ಕೂತು ಬಂದಿದ್ದ. ಅವನೂ ಹೋದರೆ ಸ್ಟ್ಯಾಂಡಿನಿಂದ ಇನ್ನು ಯಾರೂ ಬರುವುದಿಲ್ಲ.

ನಿರಂಜನ ಸಾಗರದ ಒಂದು ರೇಡಿಯೋ ಅಂಗಡಿಯಲ್ಲಿ ಕೆಲಸ ಕಲಿತವನು. ರೇಡಿಯೋದೊಳಗೆ ಹೆಚ್ಚೆಂದರೆ ಜಿರಳೆ, ಹಲ್ಲಿಯ ಮೊಟ್ಟೆ. ಕಾರುಗಳ ಕೆಲಸಕ್ಕೆ ಇಳಿದ ಮೇಲೆಯೇ ಅವನಿಗೆ ಮನುಷ್ಯರ ಬಗ್ಗೆ ಹೇಸಿಗೆ ಹುಟ್ಟಿದ್ದು. ಹೊರಗೆ ಪಾಲಿಶು, ಮುಂದೆ ಗಾಜಿನ ಹತ್ತಿರ ಹೂ ಮುಡಿದ ದೇವರು. ಸೀಟು ಎತ್ತಿದರೆ ಮೀನಿನ ನೀರು ಒಣಗಿದ ಮ್ಯಾಟು, ಚೀಪಿ ಎಸೆದ ಮೂಳೆ, ಕೂದಲಿನ ಉಂಡೆ, ಮಡಿಸಿ ತುರುಕಿದ ಮಗುವಿನ ಡೈಪರು. ಒಮ್ಮೆ ಅಂಥದರ ನಡುವೆಯೇ ಪುಟ್ಟ ಬೆಳ್ಳಿಗೆಜ್ಜೆ ಸಿಕ್ಕಿತ್ತು. ಅದನ್ನು ಉಜ್ಜಿ ತೊಳೆದು, ಹತ್ತಿಯಲ್ಲಿ ಸುತ್ತಿ, ಹೊಸನಗರದವರೆಗೆ ಬಸ್ಸಿನಲ್ಲಿ ಹೋಗಿ ಕೊಟ್ಟು ಬಂದಿದ್ದ. ಊಟಕ್ಕೆ ಮೊದಲು ಮೂರು ಸಲ ಕೈ ತೊಳೆಯುತ್ತಾನೆ. "ಕೈ ಸವೆದು ಹೋಗ್ತದೆ, ಸೋಪು ಅಲ್ಲ," ಎಂದು ಹೆಂಡತಿ ಯಶೋಧಾ ನಗುತ್ತಾಳೆ.

"ಕೇಳ್ತದೇನಾ ನಿಂಗೆ?" ಎಂದ ವಾಸಪ್ಪ ಸ್ಟೇರಿಂಗಿನ ಹಿಂದೆ ಕೂತಲ್ಲಿಂದಲೇ. ಬಾಯಿ ತುಂಬ ಎಲೆಯಡಿಕೆಯ ಕವಳ. ರಸ ಚೆಲ್ಲದಿರಲೆಂದು ಗದ್ದ ಮೇಲೆತ್ತಿ ಮಾತಾಡುತ್ತಿದ್ದ.

"ಕೇಳ್ತು ವಾಸಪ್ಪಣ್ಣ. ತಿರುವಿನಲ್ಲೇ ಕೇಳ್ತು."

"ಮೊನ್ನೆ ಮಂಡಗದ್ದೆಗೆ ಹಕ್ಕಿ ನೋಡಕ್ಕೆ ಹೋದ ಪಾರ್ಟಿ ಇಳಿವಾಗ ಎಂಥ ಹೇಳಿದ್ರು ಗೊತ್ತಾ? ಹಕ್ಕಿಗಿಂತ ನಿಮ್ಮ ಕಾರೇ ಚೆನ್ನಾಗಿ ಕೂಗ್ತದೆ ಅಂತ!"

ಯೋಗರಾಜ್ ನಕ್ಕ. ನಿರಂಜನ ಕಾರಿನೊಳಗೆ ಬಗ್ಗಿದ. ಸದ್ದನ್ನೆಲ್ಲ ಎಡದ ಸ್ಪೀಕರಿಗೆ ತಿರುಗಿಸಿದ. ಮದ್ದಳೆ ಶುದ್ಧವಾಗಿ ನುಡಿಯಿತು. ಬಲಕ್ಕೆ ತಿರುಗಿಸಿದ, ಜೀರುಂಡೆ ಎದ್ದಿತು. ಸೆಟ್ಟನ್ನು ಹೊರಗೆಳೆದು ಎಡದ ವೈರನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಕೊಟ್ಟು ನೋಡಿದ. ಜೀರುಂಡೆ ಬಲಬಾಗಿಲು ಬಿಡಲಿಲ್ಲ.

"ಸೆಟ್ಟು ಸರಿ ಇದೆ. ವೈರೂ ಸರಿ ಇದೆ. ತೊಂದ್ರೆ ಸ್ಪೀಕರಿಂದೇ," ಎಂದ. ಸುಳ್ಳು ಹೇಳಲು ಬರುತ್ತಿರಲಿಲ್ಲ.

"ಕೇಳಿದ್ಯಾ ಯೋಗಿ? ಅವನ ಬಾಯಲ್ಲೇ ಬಂತು!" ವಾಸಪ್ಪ ಗೆದ್ದವನಂತೆ ಗಾಜನ್ನು ಇಳಿಸಿದ. ಅದು ಅರ್ಧಕ್ಕೆ ನಿಂತಿತು. ಆ ಅಂಚಿನ ಮೇಲಿಂದ ಪಿಚಕ್ಕನೆ ಉಗಿದ. ಅರ್ಧ ರಸ್ತೆಗೆ ಬಿತ್ತು. ಉಳಿದದ್ದು ಗಾಜಿನ ಮೇಲೆ ಕೆಂಪು ಎಳೆಯಾಗಿ ಇಳಿದು, ಹರಿದ ರಬ್ಬರ್ ಪಟ್ಟಿಯ ಸಂದಿನಲ್ಲಿ, ಬಾಗಿಲಿನೊಳಗೆ ಮಾಯವಾಯಿತು.

ನಿರಂಜನ ಆ ಎಳೆ ಹೋದ ದಾರಿಯನ್ನೇ ನೋಡುತ್ತ ನಿಂತ.

"ಗ್ಲಾಸು ಪೂರ್ತಿ ಇಳಿಯೋದಿಲ್ವಾ?"

"ಇಲ್ಲ ಮಾರಾಯ, ಹದಿನೈದು ದಿನ ಆಯ್ತು. ಗ್ಲಾಸಿಗೂ ಹಾಡಿಗೂ ಎಂಥ ಸಂಬಂಧ?"

"ಸ್ವಲ್ಪ ಇಳೀರಿ."

ಬಾಗಿಲ ಒಳಹೊದಿಕೆಯ ಸ್ಕ್ರೂ ಬಿಚ್ಚಿ ಎಳೆದಾಗ ಮೊದಲು ಬಂದದ್ದು ವಾಸನೆ. ಹಳಸಿದ ಹೊಗೆಸೊಪ್ಪು, ಹುಳಿ, ಎಂಜಲು. ಯೋಗರಾಜ್ ಮೂಗು ಮುಚ್ಚಿ ಎರಡು ಹೆಜ್ಜೆ ಹಿಂದೆ ಸರಿದ. ನಿರಂಜನನಿಗೆ ಸರಿಯುವ ಹಾಗಿರಲಿಲ್ಲ. ಕೈ ಹಾಕಿ ಸ್ಪೀಕರನ್ನು ಹೊರಗೆ ತೆಗೆದ. ಕೂರಿಸುವ ದಿನ ಅದರ ಕಪ್ಪು ಕಾಗದವನ್ನು ಎಳೆಮಗುವಿನ ನೆತ್ತಿಯ ಹಾಗೆ ಮುಟ್ಟಿ ನೋಡಿದ್ದ. ಈಗ ಅದು ಕೆಂಪಗೆ ಊದಿ, ನೆನೆದ ಹಪ್ಪಳದಂತೆ ಜೋಲಿತ್ತು. ಅಂಚು ಬಿಟ್ಟುಕೊಂಡಿತ್ತು. ಹಿಂದಿನ ತಗಡಿಗೆ ಜಗಿದ ಅಡಿಕೆಯ ಚೂರುಗಳು ಅಂಟಿದ್ದವು. ಬೆರಳುಗಳ ಸಂದಿಗೆ ಲೋಳೆ ಇಳಿಯಿತು.

"ಇದೆಂಥ ವಾಸಪ್ಪಣ್ಣ?"

"ತುಕ್ಕುನೀರು," ಎಂದ ವಾಸಪ್ಪ, ಆ ಕಡೆ ನೋಡದೆ.

"ತುಕ್ಕಿನಲ್ಲಿ ಅಡಿಕೆ ಚೂರು ಇರ್ತದಾ?"

"ಮಳೆಗೆ ಬಂದಿರ್ತದೆ. ನಮ್ಮ ಕಡೆ ಅಡಿಕೆ ಎಲ್ಲಿ ಇಲ್ಲ ಹೇಳು?"

ಯೋಗರಾಜನಿಗೆ ನಗು ಬಂತು. ವಾಸಪ್ಪ ತಿರುಗಿ ನೋಡಿದ್ದೇ ಕೆಮ್ಮಿ ಮುಚ್ಚಿಕೊಂಡ.

ನಿರಂಜನ ಉಸಿರು ಬಿಗಿಹಿಡಿದೇ ಮಾತಾಡಿದ. "ಹೊಸ ಸ್ಪೀಕರು ನಾನೇ ಹಾಕಿ ಕೊಡ್ತೀನಿ. ನೀವೇನೂ ಕೊಡೋದು ಬೇಡ. ಸ್ಟ್ಯಾಂಡಿನಲ್ಲಿ ಎಲ್ಲರ ಎದುರು ಒಂದು ಮಾತು ಹೇಳಿ, ಮಾಲಿಂದು ತಪ್ಪಲ್ಲ ಅಂತ. ಅಷ್ಟು ಸಾಕು."

"ನಾ ಎಂಥಕ್ಕೆ ಹೇಳ್ಲಿ? ಒಳ್ಳೇ ಮಾಲಾಗಿದ್ರೆ ಒಂಚೂರು ಎಂಜಲು ತಡ್ಕೋತಿರ್ಲಿಲ್ವಾ? ತೀರ್ಥಹಳ್ಳಿಯವ ಹಾಕೋ ಸ್ಪೀಕರಿಗೆ ನೀ ಬಿಂದಿಗೆ ನೀರು ಹೊಯ್ದ್ರೂ..." ವಾಸಪ್ಪ ಜೇಬಿನಿಂದ ಎಲೆ ತೆಗೆದು, ತೊಡೆಗೆ ಒರೆಸಿ, ಸುಣ್ಣ ಹಚ್ಚತೊಡಗಿದ. "ಮಾತು ಮಾತಿಗೂ ಕೈ ತೊಳೀತೀಯಲ್ಲ, ನಿಂಗೆ ಕವಳದ ರುಚಿಯೇ ಗೊತ್ತಿಲ್ಲ. ನಾ ಹೇಳೋದು ಕೇಳು..."

ಅಂಗಡಿ ಬಾಗಿಲ ಬಳಿ ಬಕೆಟ್ಟಿನಲ್ಲಿ ನೀರಿತ್ತು, ಮೇಲೆ ಸೋಪು. ನಿರಂಜನ ಅದನ್ನೊಮ್ಮೆ ನೋಡಿದ. ಆಮೇಲೆ ತೊಟ್ಟಿಕ್ಕುತ್ತಿದ್ದ ಸ್ಪೀಕರನ್ನು ಅಯಸ್ಕಾಂತದ ಕಡೆಯಿಂದ ಗಟ್ಟಿಯಾಗಿ ಹಿಡಿದುಕೊಂಡು, ಯೋಗರಾಜನ ಮುಂದಿನಿಂದಲೇ ಹಾದು ರಸ್ತೆಗೆ ಇಳಿದ. ಎದುರಿಗೆ ಟ್ಯಾಕ್ಸಿ ಸ್ಟ್ಯಾಂಡು. ನೆರಳಿನಲ್ಲಿ ಐದಾರು ಡ್ರೈವರುಗಳು ಕೂತಿದ್ದರು.

"ಏಯ್! ನಾ ಮಾತಾಡ್ತಾ ಇದೀನಿ, ನೀ ಅದನ್ನ ಹಿಡ್ಕೊಂಡು ಎಲ್ಲಿಗೆ..."

ನಿರಂಜನ ಆಗಲೇ ಅರ್ಧ ರಸ್ತೆ ದಾಟಿದ್ದ.